ಶಾಲೆಯ ದೂರವನ್ನು ಯಾರು ಅಳೆಯಬೇಕು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪುಗಳನ್ನು ಹೇಳಿ ಎಂದು ಸಮಿತಿಯವರು ಕೇಳಿದ್ದರು. ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಬಹಳ ಜನ ಇದ್ದಾರೆ. ಆದ್ದರಿಂದ ನಾನು ಈಗ ಊರೂರಲ್ಲಿ ನಡೆಯುತ್ತಿರುವ ಒಂದು ಚರ್ಚೆಯನ್ನು ನಿಮ್ಮ ಮುಂದಿಡುತ್ತೇನೆ. ಮಕ್ಕಳು ಕಡಿಮೆ ಇರುವ ಪ್ರಾಥಮಿಕ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸಬೇಕೇ, ಬೇಡವೇ? ಇದು ನಮ್ಮ ಪ್ರೌಢಶಾಲೆಯ ಪ್ರಶ್ನೆಯೂ ಹೌದು. ಎಂಟನೇ ತರಗತಿಗೆ ಇಲ್ಲಿಗೆ ಬರುವ ಮಕ್ಕಳು ಆ ಚಿಕ್ಕ ಶಾಲೆಗಳಲ್ಲೇ ಅಕ್ಷರ ಕಲಿತವರು.

ಕರ್ನಾಟಕ ಪಬ್ಲಿಕ್ ಶಾಲೆಗಳು 2018-19ರಲ್ಲಿ ಆರಂಭವಾದವು. ಒಂದೇ ಆವರಣದಲ್ಲಿ ಚಿಕ್ಕ ಮಕ್ಕಳ ತರಗತಿಯಿಂದ ಪಿಯುಸಿವರೆಗೆ ಕಲಿಕೆ ಇರಬೇಕು ಎಂಬುದು ಅದರ ಉದ್ದೇಶ. 2025ರಲ್ಲಿ ‘ಕೆಪಿಎಸ್ ಮ್ಯಾಗ್ನೆಟ್’ ಎಂಬ ಹೆಸರು ಕೇಳಿಬಂದಾಗ, ಸುತ್ತಲಿನ ಶಾಲೆಗಳ ಗತಿ ಏನು ಎಂಬ ಆತಂಕ ರಾಜ್ಯದಾದ್ಯಂತ ಎದ್ದಿತು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳಿತು. ಆದರೂ ಪೋಷಕರ ಮಾತು ನಿಂತಿಲ್ಲ.

ರಜೆಗೆ ಬಂದಾಗ ಅಂಥ ಒಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ಒಬ್ಬ ತಂದೆ ಎದ್ದು, “ಐದು ಕ್ಲಾಸಿಗೆ ಒಬ್ರೇ ಮೇಷ್ಟ್ರು. ಅವರು ಮೀಟಿಂಗಿಗೆ ಹೋದ್ರೆ ಮಕ್ಕಳು ಆಟ ಆಡ್ಕೊಂಡು ಬರ್ತವೆ. ಊರ ಹೆಸರಿಗೆ ಒಂದು ಶಾಲೆ ಇರ್ಲಿ ಅಂತ ನನ್ನ ಮಗನ ಓದು ಹಾಳಾಗ್ಬೇಕಾ?” ಎಂದರು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ, “ಆರು ವರ್ಷದ ಕೂಸು ಮೂರು ಮೈಲಿ ಹೆಂಗಪ್ಪ ನಡೀತದೆ? ಮಳೆಗಾಲದಲ್ಲಿ ಯಾರು ಎತ್ಕೊಂಡು ಹೋಗ್ತಾರೆ?” ಎಂದು ಕೇಳಿದರು. ಸಭೆ ಎರಡು ಪಾಲಾಯಿತು. ನನಗೆ ಇಬ್ಬರ ಮಾತೂ ನಿಜವೆನಿಸಿತು. ಕಾನೂನನ್ನು ಓದಿ ನೋಡಿದರೆ ಅದೂ ಇಬ್ಬರ ಪರವಾಗಿಯೇ ಇದೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಕಲಿಯುವ ಹಕ್ಕು ಕೊಟ್ಟಿದೆ. ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಎಂಬುದು ನಿಯಮದ ಲೆಕ್ಕ. ಇದು ಅಜ್ಜಿಯ ಪರ. ಅದೇ ಕಾಯ್ದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು. ಇದು ಆ ತಂದೆಯ ಪರ. ಹತ್ತಿರದ ಶಾಲೆಯೂ ಬೇಕು, ಸಾಕಷ್ಟು ಶಿಕ್ಷಕರೂ ಬೇಕು ಎಂದು ಕಾಯ್ದೆ ಹೇಳಿರುವಾಗ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಬಡ ಪೋಷಕರನ್ನು ಕೇಳುವುದೇ ಸರಿಯಲ್ಲ.

ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕು. ಚಿಕ್ಕ ಶಾಲೆಗಳು ತಾವಾಗಿಯೇ ಚಿಕ್ಕವಾಗಲಿಲ್ಲ. ಕೈಯಲ್ಲಿ ಸ್ವಲ್ಪ ಕಾಸು ಓಡಾಡುವವರ ಮಕ್ಕಳನ್ನು ಬೆಳಗ್ಗೆ ಹಳದಿ ವ್ಯಾನು ಪಟ್ಟಣಕ್ಕೆ ಕರೆದೊಯ್ಯುತ್ತದೆ. ಆ ವ್ಯಾನಿಗೆ ಒಂದು ಕಿಲೋಮೀಟರ್ ಎಂಬ ಗಡಿ ಇಲ್ಲ. ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಇದ್ದ ಶೇಕಡ 25 ಸೀಟುಗಳೂ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಸಿಗುವುದಿಲ್ಲ ಎಂದು ನಮ್ಮ ರಾಜ್ಯ ನಿಯಮ ಬದಲಿಸಿತು. ಅದನ್ನು 2019ರ ಮೇ ತಿಂಗಳಲ್ಲಿ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಉಳಿಯಲಿ ಎಂಬುದು ಆಗ ಕೊಟ್ಟ ಕಾರಣ. ನಿಮ್ಮೂರಲ್ಲೇ ಸರ್ಕಾರಿ ಶಾಲೆ ಇದೆ, ಅಲ್ಲೇ ಓದಿ ಎಂದು ಹೇಳಿಸಿಕೊಂಡ ಮಗುವಿಗೆ, ಈಗ ಆ ಶಾಲೆಯಲ್ಲಿ ಮಕ್ಕಳಿಲ್ಲ, ಮುಂದಿನ ಊರಿಗೆ ನಡಿ ಎಂದರೆ ಅದು ಎಲ್ಲಿಗೆ ಹೋಗಬೇಕು?

ನನ್ನ ಕೆಲಸ ಸಾಫ್ಟ್‌ವೇರ್. ನಕ್ಷೆಯ ಮೇಲೆ ಎರಡು ಚುಕ್ಕೆ ಇಟ್ಟರೆ ನಡುವಿನ ದೂರವನ್ನು ಕಂಪ್ಯೂಟರ್ ಕ್ಷಣದಲ್ಲಿ ಹೇಳುತ್ತದೆ. ಆದರೆ ಅದು ಹೇಳುವುದು ಕಾಗೆ ಹಾರುವ ದೂರ. ಹುಣಸೂರಿನ ಕಡೆ ನಡುವೆ ಲಕ್ಷ್ಮಣತೀರ್ಥ ಹರಿಯುತ್ತಿದ್ದರೆ ಸೇತುವೆ ಇರುವ ಕಡೆಗೆ ಸುತ್ತಿಕೊಂಡು ಹೋಗಬೇಕು. ಕೆ.ಆರ್. ನಗರದ ಕಡೆ ನಾಲೆಯ ಏರಿಯ ಮೇಲೆ ನಡೆಯಬೇಕು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯ ಮಗುವಿಗೆ ದೂರ ಎಂದರೆ ಕಿಲೋಮೀಟರ್ ಅಲ್ಲ, ದಾರಿಯಲ್ಲಿ ಆನೆ ಇದೆಯೋ ಇಲ್ಲವೋ ಎಂಬುದು. ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ತಂಬಾಕು ಬೇಯಿಸುವ ಕಾಲ ಬಂದರೆ ತಂದೆ ತಾಯಿ ಹಗಲು ರಾತ್ರಿ ಬ್ಯಾರನ್ ಮುಂದೆ ಇರುತ್ತಾರೆ. ಮಗುವನ್ನು ಪಕ್ಕದ ಊರಿಗೆ ಬಿಟ್ಟು ಬರಲು ಆಗ ಯಾರಿಗೆ ಬಿಡುವಿದೆ? ಮೊದಲು ಶಾಲೆ ತಪ್ಪುವುದು ಹೆಣ್ಣುಮಗುವಿಗೆ.

ಹಾಗೆಂದು ದೂರವನ್ನು ಗೆಲ್ಲಲು ಆಗುವುದೇ ಇಲ್ಲ ಎಂದಲ್ಲ. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಬಂದ ಮೇಲೆ ಈ ಅಂಗಳಕ್ಕೆ ಎಷ್ಟು ಹೆಣ್ಣುಮಕ್ಕಳು ಸೈಕಲ್ ತುಳಿದುಕೊಂಡು ಬಂದರು ಎಂಬುದನ್ನು ಗುರುಗಳೇ ಕಂಡಿದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಆದರೆ ಶಾಲೆಯ ವೇಳೆಗೆ ಬಸ್ಸೇ ಇಲ್ಲದ ಊರಿಗೆ ಉಚಿತ ಟಿಕೆಟ್ಟಿನಿಂದ ಪ್ರಯೋಜನವಿಲ್ಲ. ಹದಿಮೂರು ವರ್ಷದ ಹುಡುಗಿ ಸೈಕಲ್ ತುಳಿಯುತ್ತಾಳೆ, ಆರು ವರ್ಷದ ಕೂಸು ತುಳಿಯಲಾರದು. ಪ್ರೌಢಶಾಲೆಗೆ ಒಪ್ಪುವ ದೂರ ಒಂದನೇ ತರಗತಿಗೆ ಒಪ್ಪುವುದಿಲ್ಲ.

ಆದ್ದರಿಂದ ಶಾಲೆ ಸೇರಿಸುವ ಪ್ರಸ್ತಾಪ ಯಾವ ಊರಿಗೆ ಬಂದರೂ ಪೋಷಕರು ಮೂರು ವಿಷಯ ಕೇಳಬೇಕು ಎಂದು ನನ್ನ ಅಭಿಪ್ರಾಯ. ಒಂದು, ವಾಹನ ಮೊದಲು ಬರಲಿ, ಸೇರ್ಪಡೆ ಆಮೇಲೆ ಆಗಲಿ. ವಾಹನದ ಭರವಸೆ ಬರವಣಿಗೆಯಲ್ಲಿರಲಿ. ಎರಡು, ಒಂದರಿಂದ ಮೂರನೇ ತರಗತಿಯನ್ನಾದರೂ ಊರಲ್ಲೇ ಉಳಿಸಿ, ಇಬ್ಬರು ಶಿಕ್ಷಕರನ್ನು ಕೊಡಲಿ. ಮೂರು, ತೀರ್ಮಾನ ಎಸ್‌ಡಿಎಂಸಿ ಸಭೆಯಲ್ಲಿ, ಆ ಶಾಲೆಯಲ್ಲಿ ಈಗ ಮಕ್ಕಳನ್ನು ಓದಿಸುತ್ತಿರುವ ಪೋಷಕರಿಂದ ಆಗಲಿ. ವ್ಯಾನಿಗೆ ಮಕ್ಕಳನ್ನು ಹತ್ತಿಸುವ ನಮ್ಮಂಥವರು ಅಲ್ಲಿ ಸಲಹೆ ಕೊಡಬಹುದು, ತೀರ್ಮಾನ ಮಾತ್ರ ಅವರದಾಗಿರಲಿ.

ಎಲ್ಲ ವರ್ಗದ ಮಕ್ಕಳೂ ಊರಿನ ಒಂದೇ ಶಾಲೆಯಲ್ಲಿ ಕಲಿಯಬೇಕು ಎಂದು 1964-66ರ ಕೊಠಾರಿ ಆಯೋಗ ಹೇಳಿತ್ತು. ಅಷ್ಟು ಆಗುವವರೆಗೆ, ಉಳಿದಿರುವ ಮಕ್ಕಳ ದಾರಿಯನ್ನಾದರೂ ಕಾಯೋಣ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವಕ್ಕೆ ಕಮಾನು, ಧ್ವಜಕಟ್ಟೆ ಕಟ್ಟಿಸಿದ್ದೀರಿ, ಸಂತೋಷ. ಇನ್ನು ಎರಡು ಭಾನುವಾರ ಬಿಡುವು ಮಾಡಿಕೊಂಡು ಬನ್ನಿ. ಈ ಶಾಲೆಗೆ ಮಕ್ಕಳನ್ನು ಕಳಿಸುವ ಪ್ರತಿ ಊರಿನ ದಾರಿಯನ್ನು ಅಲ್ಲಿನ ಮಕ್ಕಳ ಜೊತೆ, ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದು ಅಳೆಯೋಣ. ಹಳ್ಳ, ಕಾಡು, ಬಸ್ಸಿನ ವೇಳೆ ಎಲ್ಲವನ್ನೂ ಬರೆದುಕೊಳ್ಳೋಣ. ಅದನ್ನು ನಕ್ಷೆ ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಜಿನ ಮೇಲೆ ಇಡುವ ಜವಾಬ್ದಾರಿ ನನ್ನದು. ಮುಂದಿನ ಸಭೆಯಲ್ಲಿ ಆ ತಂದೆಗೂ ಆ ಅಜ್ಜಿಗೂ ಅದು ಕೈಗೆ ಸಿಗುವ ಆಧಾರವಾಗುತ್ತದೆ.