ಮರಳು ನೆಲಕ್ಕೆ ಕೊಗ್ಗಿ ಸೊಪ್ಪು
(ದೊಡ್ಡಗದ್ದವಳ್ಳಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ತಮ್ಮ ಮುಂದೆ ನಾನು ಹೊಸ ಯಂತ್ರವನ್ನಾಗಲಿ, ಹೊಸ ಔಷಧವನ್ನಾಗಲಿ ತಂದಿಲ್ಲ. ನನ್ನ ಕೈಯಲ್ಲಿರುವುದು ಒಂದು ಗಿಡ. ಬರುವಾಗ ಕೆರೆ ಏರಿಯ ಪಕ್ಕದಲ್ಲಿ ಕಿತ್ತುಕೊಂಡು ಬಂದೆ. ತಾವೆಲ್ಲರೂ ದಿನವೂ ತುಳಿದುಕೊಂಡು ಓಡಾಡುವ ಗಿಡವೇ ಇದು. ನಮ್ಮೂರಿನ ಲಕ್ಷ್ಮೀದೇವಿಯ ಗುಡಿಯನ್ನು ನೋಡಲು ದೂರದೂರಿನಿಂದ ಜನ ಬರುತ್ತಾರೆ. ಹೊಯ್ಸಳರ ಕಾಲದಲ್ಲಿ, 12ನೆಯ ಶತಮಾನದಲ್ಲಿ ಕಲ್ಲಿನಲ್ಲಿ ಬಿಡಿಸಿದ ಹೂಬಳ್ಳಿಗಳನ್ನು ನೋಡಿ ಸಂತೋಷಪಡುತ್ತಾರೆ. ದಾರಿ ಬದಿಯ ಈ ನೇರಳೆ ಹೂವನ್ನು ಮಾತ್ರ ಅವರೂ ನೋಡುವುದಿಲ್ಲ, ನಾವೂ ನೋಡುವುದಿಲ್ಲ.

ಇದನ್ನು ಕೊಗ್ಗಿ ಎನ್ನುತ್ತಾರೆ. ಕೊಗ್ಗಿಲಿ ಎನ್ನುವವರೂ ಉಂಟು. ತೆಲುಗಿನವರು ವೆಂಪಲಿ ಎಂದೂ, ತಮಿಳಿನವರು ಕೊಳಿಂಜಿ ಎಂದೂ ಕರೆಯುತ್ತಾರೆ. ಆಯುರ್ವೇದದಲ್ಲಿ ಇದರ ಹೆಸರು ಶರಪುಂಖ. ಆ ಹೆಸರಿನಲ್ಲಿಯೇ ಗಿಡದ ಗುರುತೂ ಇದೆ. ಶರವೆಂದರೆ ಬಾಣ, ಪುಂಖವೆಂದರೆ ಬಾಣದ ಹಿಂದೆ ಕಟ್ಟುವ ಗರಿ. ಒಂದು ಎಲೆಯನ್ನು ತುದಿ ಹಿಡಿದು ಎಳೆಯಿರಿ. ಅದು ಅಡ್ಡಲಾಗಿ ಹರಿಯುವುದಿಲ್ಲ. ಬಾಣದ ಗರಿಯ ಹಾಗೆ ಮೊನೆಯಾಗಿ ಹರಿಯುತ್ತದೆ. ಅನುಮಾನವಿದ್ದಾಗ ಹೀಗೆ ಹರಿದು ನೋಡಿ. ಮೊಣಕಾಲೆತ್ತರದ ಗಿಡ, ಕಡ್ಡಿಯ ಎರಡು ಕಡೆಗೂ ಸಾಲಾದ ಚಿಕ್ಕ ಎಲೆಗಳು, ತುದಿಯಲ್ಲಿ ಒಂಟಿ ಎಲೆ, ಅವರೆ ಹೂವಿನ ಜಾತಿಯ ಚಿಕ್ಕ ನೇರಳೆ ಹೂವು, ಒಂದೂವರೆ ಎರಡು ಅಂಗುಲದ ಚಪ್ಪಟೆ ಕಾಯಿ.

ಇನ್ನು ಇದರ ಮಾತು ಈಗೇಕೆ ಬಂತೆಂದು ತಾವು ಕೇಳಬಹುದು. ತಮ್ಮ ಕೊಟ್ಟಿಗೆಗಳನ್ನೇ ಒಮ್ಮೆ ನೆನೆಸಿಕೊಳ್ಳಿ. ಎರಡು ಮೂರು ಜೊತೆ ಎತ್ತು, ಅದರ ಮೇಲೆ ಹಸು, ಕರು, ಎಮ್ಮೆ ಇದ್ದ ಮನೆಯಲ್ಲಿ ಈಗ ಒಂದು ಸೀಮೆಹಸು ಇದ್ದರೆ ಹೆಚ್ಚು. ಉಳುವುದಕ್ಕೆ ಟ್ರಾಕ್ಟರು ಬಂತು. ಟ್ರಾಕ್ಟರು ಸಗಣಿ ಹಾಕುವುದಿಲ್ಲ. ತಿಪ್ಪೆ ಚಿಕ್ಕದಾಯಿತು, ಹೊಲ ಮಾತ್ರ ಹಾಗೆಯೇ ಇದೆ. ನಮ್ಮ ಮೇಲಿನ ಹೊಲಗಳು ಕೆಂಪು ಮರಳು ಮಣ್ಣಿನವು. ಮಳೆ ಬಿದ್ದ ದಿನ ನೀರು ಕುಡಿಯುತ್ತವೆ, ನಾಲ್ಕು ದಿನ ಬಿಸಿಲು ಹೊಡೆದರೆ ಒಣಗಿ ಕೂರುತ್ತವೆ. ಅಂಥ ನೆಲಕ್ಕೆ ಯೂರಿಯಾ ಹಾಕಿದರೆ ಅರ್ಧ ಬೆಳೆಗೆ, ಅರ್ಧ ಮಳೆಯ ನೀರಿಗೆ ಎನ್ನುವ ಹಾಗಾಗುತ್ತದೆ. ನೀರನ್ನೂ ಗೊಬ್ಬರವನ್ನೂ ಹಿಡಿದಿಡಬೇಕಾದರೆ ಮಣ್ಣಿನಲ್ಲಿ ಕೊಳೆತ ಸೊಪ್ಪು, ಸಗಣಿ ಇರಬೇಕು. ಸಗಣಿ ಇಲ್ಲವೆಂದ ಮೇಲೆ ಸೊಪ್ಪಾದರೂ ಬೇಕಷ್ಟೆ.

ಸೆಣಬು, ಡಯಂಚ ಬಿತ್ತಬಹುದಲ್ಲ ಎನ್ನುತ್ತೀರಿ. ಬಿತ್ತಬಹುದು, ಬಿತ್ತಬೇಕು. ಆದರೆ ಗದ್ದೆ ಕೊಯ್ಲಾದ ಮೇಲೆ ಊರ ದನವನ್ನೆಲ್ಲ ಬಯಲಿಗೆ ಬಿಡುವ ಪದ್ಧತಿ ನಮ್ಮಲ್ಲಿದೆ. ಒಬ್ಬರು ಸೆಣಬು ಹಾಕಿದರೆ ಊರ ದನಕ್ಕೆಲ್ಲ ಹಬ್ಬ. ಅಲ್ಲಿಂದ ಜಗಳ ಶುರು. ಕೊಗ್ಗಿಯ ದೊಡ್ಡ ಗುಣ ಇದೇ: ದನ ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಬೇಲಿ ಬೇಡ, ಕಾವಲು ಬೇಡ. ಬೇರು ಆಳಕ್ಕೆ ಹೋಗುವುದರಿಂದ ಬೇಸಗೆಯನ್ನೂ ತಡೆಯುತ್ತದೆ. ಅವರೆ, ಹುರುಳಿಯ ಜಾತಿಯದಾದ ಕಾರಣ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಕೂಡಿಡುತ್ತದೆ. ಹಸಿ ನೆಲದಲ್ಲಿ ಗಿಡವನ್ನು ನಿಧಾನವಾಗಿ ಕಿತ್ತು ಬೇರು ತೊಳೆದು ನೋಡಿ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಕೆಂಪಗೆ ಕಂಡರೆ ಅದು ಕೆಲಸ ಮಾಡುತ್ತಿದೆಯೆಂದು ತಿಳಿಯಬೇಕು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಬಂದ ಹೊಸದು. ಪುಸ್ತಕ ಓದಿದ ಹುರುಪು ಇತ್ತು. ಈ ಭಾಗದ ಹಿರಿಯ ರೈತರೊಬ್ಬರನ್ನು ಒಪ್ಪಿಸಿ, ಕೊಯ್ಲಾದ ಅರ್ಧ ಎಕರೆ ಗದ್ದೆಯಲ್ಲಿ ಕೊಗ್ಗಿ ಬಿತ್ತಿಸಿದೆ. ಬೀಜವನ್ನು ಚೀಲದಿಂದ ತೆಗೆದದ್ದು, ಎರಚಿದ್ದು, ಅಷ್ಟೆ. ತಿಂಗಳಾದರೂ ಅಲ್ಲೊಂದು ಇಲ್ಲೊಂದು ಗಿಡ. ಗದ್ದೆಯ ತೇವವೆಲ್ಲ ಆರಿಹೋಯಿತು. ಆ ಹಿರಿಯರು ಬೈಯಲಿಲ್ಲ. “ಸ್ವಾಮಿ, ನಿಮ್ಮ ಬೀಜ ಇನ್ನೂ ನಿದ್ದೆ ಮಾಡ್ತಾ ಐತೆ” ಎಂದರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು. ಆ ವರ್ಷ ಅವರು ಆ ಗದ್ದೆಗೆ ದುಡ್ಡು ಕೊಟ್ಟು ಗೊಬ್ಬರ ಹೊಡೆಸಬೇಕಾಯಿತು. ಅದು ನನ್ನ ಮಾತನ್ನು ಕೇಳಿದ್ದಕ್ಕೆ ತೆತ್ತ ದಂಡ.

ಅವರ ಮನೆಯ ಅಜ್ಜಿ ಉಳಿದ ಬೀಜವನ್ನು ಅಂಗೈಯಲ್ಲಿಟ್ಟು ಉಗುರಿನಿಂದ ಒತ್ತಿ ನೋಡಿ, “ಇದು ಕಲ್ಲಾಗೈತಲ್ಲಪ್ಪ, ನೀರು ಒಳಕ್ಕೆ ಎಲ್ಲಿಂದ ಹೋದಾತು? ಉಜ್ಜಬಾರದಾ?” ಎಂದರು. ಒರಳಿಗೆ ಹಿಡಿ ಬೀಜ, ಹಿಡಿ ಗರಸು ಮರಳು ಹಾಕಿ ಅವರೇ ಉಜ್ಜಿದರು. ಉಜ್ಜಿದ ಬೀಜವನ್ನೂ ಉಜ್ಜದ ಬೀಜವನ್ನೂ ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆವು. ಬೆಳಗಾಗುವಷ್ಟರಲ್ಲಿ ಉಜ್ಜಿದವು ಉಬ್ಬಿದ್ದವು. ಉಜ್ಜದವು ತಟ್ಟೆಯಲ್ಲಿ ಹರಳಿನಂತೆ ಉರುಳಾಡುತ್ತಿದ್ದವು. ಬೀಜದ ಸಿಪ್ಪೆಯ ಮೇಲೆ ಮೇಣದಂಥ ಪದರವಿದ್ದು ಅದು ನೀರನ್ನು ಬಿಡುವುದಿಲ್ಲ. ಇದು ನನ್ನ ಪುಸ್ತಕದಲ್ಲಿಯೂ ಇತ್ತು. ನಾನು ಆ ಪುಟವನ್ನು ಸರಿಯಾಗಿ ಓದಿರಲಿಲ್ಲ.

ಆದಕಾರಣ ಬೀಜೋಪಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ, ಸಿಡಿಯುವ ಮೊದಲು, ಇಬ್ಬನಿ ಇರುವ ಬೆಳಗಿನ ಹೊತ್ತಿನಲ್ಲಿ ಗಿಡ ಕೊಯ್ದು ತರಬೇಕು. ಬಿಸಿಲೇರಿದ ಮೇಲೆ ಹೋದರೆ ಕಾಯಿ ಕೈ ತಾಗಿದೊಡನೆ ಸಿಡಿದು ಬೀಜ ನೆಲದ ಪಾಲಾಗುತ್ತದೆ. ಕಣದಲ್ಲಿ ಹರಡಿ ಮೇಲೆ ಗೋಣಿ ತಾಟು ಹೊದಿಸಿ ಒಣಗಿಸಿ. ಬಡಿದು, ಮೊರದಲ್ಲಿ ಕೇರಿ ಎತ್ತಿಡಿ. ಬಿತ್ತುವ ದಿನ ಗರಸು ಮರಳಿನೊಡನೆ ಒರಳಿನಲ್ಲಿ ಉಜ್ಜಿ. ಕುಟ್ಟಬಾರದು, ಬೀಜ ಒಡೆಯುತ್ತದೆ. ಹೊಳಪು ಹೋದರೆ ಸಾಕು. ಬೀಜ ಹೆಚ್ಚಾಗಿದ್ದರೆ ಬಿಸಿನೀರಿನ ಕ್ರಮ ಸುಲಭ. 55 ಡಿಗ್ರಿ ಬಿಸಿಯ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಬೇಕು. ಅಳೆಯುವ ಸಾಧನ ಮನೆಯಲ್ಲಿಲ್ಲದಿದ್ದರೆ ಚಿಂತೆಯಿಲ್ಲ: ಎರಡು ಚೊಂಬು ಕುದಿಯುವ ನೀರಿಗೆ ಮೂರು ಚೊಂಬು ಬಾವಿಯ ನೀರು ಬೆರೆಸಿದರೆ ಹೆಚ್ಚು ಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಬೀಜವನ್ನು ತೆಳುಬಟ್ಟೆಯಲ್ಲಿ ಕಟ್ಟಿ ಅದ್ದಿ ತೆಗೆದು, ಕೂಡಲೆ ತಣ್ಣೀರಿಗೆ ಹಾಕಿ, ನೆರಳಿನಲ್ಲಿ ಆರಿಸಿ ಬಿತ್ತಿರಿ. ಕುದಿಯುವ ನೀರಿಗೇ ಹಾಕಿದರೆ ಹುಗ್ಗಿಯಾದೀತು, ಗಿಡವಾಗದು.

ಎಕರೆಗೆ 6 ರಿಂದ 8 ಕಿಲೋ ಬೀಜ ಬೇಕು. ಗದ್ದೆ ಕೊಯ್ಲಾದೊಡನೆ, ತೇವ ಆರುವ ಮೊದಲು ಒಂದು ಸಾಲು ಉತ್ತು, ಎರಚಿ, ಮುಳ್ಳಿನ ಕೊಂಬೆ ಎಳೆದರೆ ಸಾಕು. ಬೀಜ ಆಳಕ್ಕೆ ಹೋಗಬಾರದು. ಮೊದಲ ಎರಡು ತಿಂಗಳು ಗಿಡ ಬಹಳ ನಿಧಾನ, ನೋಡಿ ಬೇಸರಪಡಬೇಡಿ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಅದರ ಚುರುಕು ಕಾಣುತ್ತದೆ. ನಾಟಿಗೆ ಎರಡು ವಾರ ಮುಂಚೆ ಗದ್ದೆಗೆ ನೀರು ಕಟ್ಟಿ ಉತ್ತು ತುಳಿಸಬೇಕು. ಕಡ್ಡಿ ಬಲಿತಿದ್ದರೆ ಕೊಳೆಯುವುದು ತಡ, ಆದ್ದರಿಂದ ಹೂವು ಬರುವ ಹೊತ್ತಿಗೇ ಮಗುಚುವುದು ಲೇಸು. ಬೆಳೆ ಒತ್ತಾಗಿ ಬಂದರೆ ಎಕರೆಗೆ ಎರಡರಿಂದ ಮೂರು ಟನ್ ಹಸಿ ಸೊಪ್ಪು ಸಿಗುತ್ತದೆ. ಒಂದು ಮೂಲೆಯಲ್ಲಿ ನಾಲ್ಕು ಸಾಲು ಗಿಡವನ್ನು ಬೀಜಕ್ಕೆ ಬಿಟ್ಟರೆ ಮುಂದಿನ ವರ್ಷ ಯಾರ ಹತ್ತಿರವೂ ಕೇಳುವ ಹಾಗಿಲ್ಲ.

ತೆಂಗಿನ ತೋಟ, ಹೊಲದ ಬದು, ಏರು ಹೊಲದ ಅಂಚು, ಇಲ್ಲಿಗೆಲ್ಲ ಮುಂಗಾರಿನಲ್ಲಿಯೇ ಬಿತ್ತಬಹುದು. ಬದುವಿನ ಮಣ್ಣು ಕೊಚ್ಚಿ ಹೋಗುವುದೂ ನಿಲ್ಲುತ್ತದೆ. ಕೊಯ್ದ ಸೊಪ್ಪನ್ನು ತೆಂಗಿನ ಪಾತಿಗೆ ತುಂಬಿ.

ಮೇಲೆ ಹೇಳಿದ ಹಿರಿಯರು ಮರುವರ್ಷ ಮತ್ತೆ ಬಿತ್ತಿದರು. ಅದು ಅವರ ದೊಡ್ಡತನ. ಈ ಸಲ ಬೀಜವನ್ನು ನಾನೇ ಉಜ್ಜಿದೆ. ಗಿಡ ಚೆನ್ನಾಗಿ ಬಂತು, ಮಗುಚಿದರು. ಭತ್ತ ಇಮ್ಮಡಿಯಾಯಿತೇ? ಇಲ್ಲ. ಮೊದಲ ವರ್ಷವೇ ಪವಾಡವಾಗುತ್ತದೆಂದು ನಾನು ಹೇಳಿದರೆ ತಾವು ನಂಬಬಾರದು. ಆದರೆ ಮಣ್ಣು ಉಳುವಾಗ ಮೆತ್ತಗಾಗಿದೆ, ಕಟ್ಟಿದ ನೀರು ಒಂದೆರಡು ದಿನ ಹೆಚ್ಚು ನಿಲ್ಲುತ್ತದೆ ಎಂದು ಅವರೇ ಹೇಳುತ್ತಾರೆ. ಯೂರಿಯಾ ಎಷ್ಟು ಕಡಿಮೆ ಮಾಡಬಹುದೆಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ನಿಶ್ಚಯಿಸಬೇಕು, ಅಂದಾಜಿನ ಮೇಲಲ್ಲ.

ಕೆಲವು ಎಚ್ಚರಿಕೆಗಳು. ಕೆರೆಯ ಹಿಂದೆಯೇ ಇರುವ ಜೌಗು ಗದ್ದೆಗಳಿಗೆ ಇದು ಆಗುವುದಿಲ್ಲ, ನೀರು ನಿಂತರೆ ಬೇರು ಕೊಳೆಯುತ್ತದೆ. ಅಲ್ಲಿಗೆ ಡಯಂಚವೇ ಸರಿ. ಕಳೆಯಾಗಿ ಕಾಡೀತೇ ಎಂದು ಕೇಳುವವರಿದ್ದಾರೆ. ಕೆಸರು ತುಳಿದ ಗದ್ದೆಯಲ್ಲಿ ಕಾಡದು, ರಾಗಿ ಹೊಲದಲ್ಲಿ ಕುಂಟೆಗೆ ಸಾಯುತ್ತದೆ. ಆದರೆ ಸಿಡಿದ ಬೀಜ ನೆಲದಲ್ಲಿ ವರ್ಷಗಟ್ಟಲೆ ಮಲಗಿರಬಲ್ಲದು. ಆದ್ದರಿಂದ ಆಲೂಗಡ್ಡೆ, ತರಕಾರಿ ಮಡಿಗಳ ಅಂಚಿನಲ್ಲಿ ಕಾಯಿ ಬಲಿಯಲು ಬಿಡಬೇಡಿ.

ಇದರ ಬೇರಿನಲ್ಲಿ ಮೀನಿಗೆ ವಿಷವಾಗುವ ಅಂಶವಿದೆ. ಬೇರು ಜಜ್ಜಿ ಹೊಂಡಕ್ಕೆ ಹಾಕಿ ಮೀನು ಹಿಡಿಯುವುದು ಹಿಂದಿನಿಂದ ಕೆಲವು ಕಡೆ ಇದ್ದ ರೂಢಿ. ದಯವಿಟ್ಟು ನಮ್ಮ ಕೆರೆಯಲ್ಲಿ ಯಾರೂ ಅದನ್ನು ಪರೀಕ್ಷಿಸಬೇಡಿ. ಅದೇ ನೀರನ್ನು ದನ ಕುಡಿಯುತ್ತದೆ. ಅಮೆರಿಕದ ಬಯಲು ಹುಲ್ಲುಗಾವಲುಗಳ ಮರಳು ನೆಲದಲ್ಲಿಯೂ ಕೊಗ್ಗಿಯ ಕುಲದ್ದೇ ಒಂದು ಹೂವಿದೆ. ಅಲ್ಲಿಯ ಮೂಲನಿವಾಸಿಗಳೂ ಅದರ ಬೇರಿನಿಂದಲೇ ಮೀನು ಹಿಡಿಯುತ್ತಿದ್ದರು. ಹಾಲು ಹೆಚ್ಚುತ್ತದೆಂದು ಒಂದು ಕಾಲದಲ್ಲಿ ಮೇಕೆಗಳಿಗೆ ಅದನ್ನು ತಿನ್ನಿಸುತ್ತಿದ್ದ ರೈತರು, ಅದರಲ್ಲಿ ವಿಷವಿದೆಯೆಂದು ಗೊತ್ತಾದ ಮೇಲೆ ಬಿಟ್ಟರು. ನಾವು ಅಷ್ಟು ದೂರ ಹೋಗುವುದು ಬೇಡ. ಕೊಗ್ಗಿಯನ್ನು ಮೇವೆಂದು ತಿಳಿಯದೆ ಗೊಬ್ಬರವೆಂದೇ ತಿಳಿಯೋಣ. ಗುಲ್ಮದ ಕಾಯಿಲೆಗೆ ವೈದ್ಯರು ಇದರ ಬೇರನ್ನು ಕೊಡುತ್ತಾರೆಂಬುದು ನಿಜ. ಅಳತೆ ತಿಳಿದವರು ಕೊಡುವ ಮಾತು ಅದು. ಯಾರೋ ಹೇಳಿದರೆಂದು ಮನೆಯಲ್ಲಿ ಅರೆದು ಮಕ್ಕಳಿಗೆ ಕುಡಿಸಬೇಡಿ.

ಕೆರೆ ಏರಿಯ ಕೆಳಗೆ, ಗುಡಿಗೆ ಹೋಗುವ ದಾರಿಯಲ್ಲಿ ಈಗ ಕಾಯಿ ಕಂದಾಗುತ್ತಿದೆ. ನಾಳಿದ್ದು ಬೆಳಿಗ್ಗೆ ಆರು ಗಂಟೆಗೆ ನಾನು ಗೋಣಿಚೀಲ, ಕುಡುಗೋಲು ಹಿಡಿದು ಅಲ್ಲಿರುತ್ತೇನೆ. ಬೀಜ ಬೇಕಾದವರು ಬನ್ನಿ. ಉಜ್ಜುವುದಕ್ಕೆ ಒರಳನ್ನು ಕೊಡುವುದಾಗಿ ಅಜ್ಜಿ ಒಪ್ಪಿದ್ದಾರೆ; ಮರಳನ್ನು ಮಾತ್ರ ನಾವೇ ಜರಡಿ ಹಿಡಿದು ತರಬೇಕಂತೆ.