ರಣರಂಗದಿಂದ ಮನೆಗೆ ಬಂದ ಬಂದೂಕು

(ಕುಟುಂಬ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಫ್ಘಾನಿಸ್ತಾನ ಮತ್ತು ಇರಾಕ್ ಯುದ್ಧಗಳ ಕುರಿತು ನಾವು ಇಂತಹ ವೇದಿಕೆಗಳಲ್ಲಿ ಸಾಕಷ್ಟು ಮಾತನಾಡಿದ್ದೇವೆ. ಬಾಂಬಿಗೆ ಬಲಿಯಾದವರನ್ನು ಲೆಕ್ಕ ಹಾಕಿದ್ದೇವೆ, ಹಾಕಲೇಬೇಕಿತ್ತು. ಆದರೆ ಆ ಯುದ್ಧ ಮಾಡಿದ ಅಮೆರಿಕದ ಸೈನಿಕ ಊರಿಗೆ ಮರಳಿದ ಬಳಿಕ ಅವನ ಮನೆಯೊಳಗೆ ಏನಾಯಿತೆಂದು ನಾವು ವಿಚಾರಿಸಿದ್ದು ಕಡಿಮೆ.

2002ರ ಜೂನ್-ಜುಲೈ ತಿಂಗಳುಗಳಲ್ಲಿ ನಾರ್ತ್ ಕ್ಯಾರೊಲಿನಾದ ಫೋರ್ಟ್ ಬ್ರ್ಯಾಗ್ ಸೇನಾ ನೆಲೆಯ ನಾಲ್ವರು ಸೈನಿಕರು ಸುಮಾರು ಆರು ವಾರಗಳ ಅಂತರದಲ್ಲಿ ತಂತಮ್ಮ ಪತ್ನಿಯರನ್ನು ಕೊಂದರು. ಅವರಲ್ಲಿ ಮೂವರು ಅಫ್ಘಾನಿಸ್ತಾನದಿಂದ ಮರಳಿದವರು. ಒಬ್ಬನಂತೂ ಬಂದು ಎರಡೇ ದಿನಗಳಾಗಿದ್ದವು. ಇಬ್ಬರು ಪತ್ನಿಗೆ ಗುಂಡಿಕ್ಕಿ, ಅದೇ ಬಂದೂಕನ್ನು ತಮ್ಮತ್ತ ತಿರುಗಿಸಿಕೊಂಡರು. ಸೈನಿಕರಿಗೆ ಕೊಡುತ್ತಿದ್ದ ಮಲೇರಿಯಾ ಮಾತ್ರೆಯೇ ಇದಕ್ಕೆ ಕಾರಣವೆಂಬ ವಾದವೂ ಆಗ ಎದ್ದಿತು. ಮಾತ್ರೆಯ ಮೇಲೆ ಹೊರೆ ಹೊರಿಸುವುದು ಎಲ್ಲರಿಗೂ ಅನುಕೂಲ! ಸೇನೆಯೇ ಕಳುಹಿಸಿದ ತಜ್ಞರ ತಂಡ ಮಾತ್ರ ಅದನ್ನು ಒಪ್ಪಲಿಲ್ಲ. ದಾಂಪತ್ಯದ ಬಿರುಕು, ಯುದ್ಧ ನಿಯೋಜನೆಯ ಒತ್ತಡ, ಸಹಾಯ ಕೇಳಿದರೆ ಭವಿಷ್ಯ ಹಾಳಾದೀತೆಂಬ ಭಯ ಇವುಗಳತ್ತ ಅದು ಬೆರಳು ತೋರಿತು.

2008ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಈ ಎರಡು ಯುದ್ಧಗಳಿಂದ ಮರಳಿದವರು ಕೊಲೆ ಮಾಡಿದ ಅಥವಾ ಕೊಲೆಯ ಆರೋಪ ಹೊತ್ತ 121 ಪ್ರಕರಣಗಳನ್ನು ಪಟ್ಟಿ ಮಾಡಿತು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಬಂದೂಕು ಬಳಕೆಯಾಗಿತ್ತು. ಸತ್ತವರಲ್ಲಿ ಸುಮಾರು ಮೂರನೇ ಒಂದು ಭಾಗ ಪತ್ನಿ, ಪ್ರೇಯಸಿ, ಮಕ್ಕಳು, ಬಂಧುಗಳು.

ನಾವಿಲ್ಲಿ ನ್ಯಾಯ ಮೀರಬಾರದು. ಯುದ್ಧದಿಂದ ಮರಳಿದ ಬಹುಸಂಖ್ಯಾತರು ಮನೆಯವರ ಮೇಲೆ ಕೈ ಮಾಡಿದವರಲ್ಲ. ರಾತ್ರಿ ಬೆಚ್ಚಿಬೀಳುವ, ಸಣ್ಣ ಸದ್ದಿಗೂ ನಡುಗುವ ಈ ಮನೋವ್ಯಾಧಿಗೆ 1980ರಲ್ಲಷ್ಟೇ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಈಗಿನ ಹೆಸರು ದೊರೆಯಿತು. ಅದರಿಂದ ನರಳುವವನು ಹೆಚ್ಚಾಗಿ ಕೊಲ್ಲುವುದು ತನ್ನನ್ನೇ. ಅಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ಮಾಜಿ ಸೈನಿಕರಲ್ಲಿ ಹತ್ತರಲ್ಲಿ ಏಳು ಮಂದಿ ಬಂದೂಕನ್ನೇ ಬಳಸುತ್ತಾರೆ. ಇಂತಹವರಿಗಾಗಿ 2008ರಲ್ಲಿ ಬಫಲೋ ನಗರದಲ್ಲಿ ಪ್ರತ್ಯೇಕ ನ್ಯಾಯಾಲಯವೊಂದು ಆರಂಭವಾಯಿತು. ಜೈಲಿಗೆ ಬದಲು ಚಿಕಿತ್ಸೆಯತ್ತ ತಿರುಗಿಸುವುದು ಅದರ ಕ್ರಮ. ಆದರೆ ವ್ಯಾಧಿಯು ಹೊಡೆತಕ್ಕೆ ಪರವಾನಗಿಯಾಗದು. ಹೊಡೆಯುವ ಗಂಡನ ಕೈಗೆ ಬಂದೂಕು ಸಿಗುವಂತಿದ್ದರೆ ಪತ್ನಿಯ ಕೊಲೆಯ ಅಪಾಯ ಸುಮಾರು ಐದು ಪಟ್ಟು ಏರುತ್ತದೆಂದು ಜಾಕ್ಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟರು.

ಇದಕ್ಕೆ ಕಾನೂನು ಇರಲಿಲ್ಲವೇ? ಇತ್ತು. ಕೌಟುಂಬಿಕ ಹಲ್ಲೆಯ ಸಣ್ಣ ಅಪರಾಧಕ್ಕೆ ಶಿಕ್ಷೆಯಾದವನೂ ಬಂದೂಕು ಇಟ್ಟುಕೊಳ್ಳಬಾರದೆಂದು 1996ರಲ್ಲಿಯೇ ಅಮೆರಿಕದ ಸಂಸತ್ತು ವಿಧಿಸಿತು. ಪೊಲೀಸನಿಗೂ ಸೈನಿಕನಿಗೂ ವಿನಾಯಿತಿ ಕೊಡಲಿಲ್ಲ. ಒಳ್ಳೆಯ ಕಾನೂನೇ. ಆದರೆ ಬಂದೂಕು ಹಿಡಿಯಲಾಗದ ಸೈನಿಕನಿಗೆ ಸೇನೆಯಲ್ಲೇನು ಕೆಲಸ? ಶಿಕ್ಷೆಯಾದರೆ ನೌಕರಿ ಹೋಗುತ್ತದೆ, ಸಂಬಳ ಹೋಗುತ್ತದೆ, ಸೇನೆ ಕೊಟ್ಟ ಮನೆಯೂ ಹೋಗುತ್ತದೆ. ಆದ್ದರಿಂದ ಪತ್ನಿ ಬಾಯಿ ಬಿಡುವುದಿಲ್ಲ. ತನ್ನ ತುಕಡಿಯ ಹೆಸರು ಕೆಡಬಾರದೆಂದುಕೊಳ್ಳುವ ಅಧಿಕಾರಿಗೂ ಮೌನವೇ ಲೇಸು. ಅವಳನ್ನು ರಕ್ಷಿಸಬೇಕಾದ ಕಾನೂನಿನ ಬೆಲೆಯನ್ನು ಅವಳೇ ತೆರಬೇಕಾಗಿ ಬಂತು.

ಮೌನ ಮುರಿದಾಗಲೂ ಆದದ್ದೇನು? ವಾಯುಸೇನೆಯ ಒಬ್ಬನಿಗೆ ಪತ್ನಿ ಮತ್ತು ಮಲಮಗನ ಮೇಲಿನ ಹಲ್ಲೆಗಾಗಿ 2012ರಲ್ಲಿ ಸೇನಾ ನ್ಯಾಯಾಲಯ ಶಿಕ್ಷೆ ವಿಧಿಸಿತು. ಈತ ರಣರಂಗದಿಂದ ಬಂದವನಲ್ಲ ಎಂಬುದನ್ನೂ ಗಮನಿಸಬೇಕು. ಆ ಶಿಕ್ಷೆಯ ವಿವರವನ್ನು ವಾಯುಸೇನೆ ಎಫ್‌ಬಿಐಗೆ ಕಳುಹಿಸಲೇ ಇಲ್ಲ. ಅವನು ಅಂಗಡಿಯಲ್ಲಿಯೇ ಬಂದೂಕು ಕೊಂಡ. 2017ರ ನವೆಂಬರ್ 5ರಂದು ಟೆಕ್ಸಾಸ್‌ನ ಸದರ್ಲೆಂಡ್ ಸ್ಪ್ರಿಂಗ್ಸ್‌ನ ಚರ್ಚಿನಲ್ಲಿ, ತನ್ನ ಎರಡನೇ ಪತ್ನಿಯ ಮನೆಯವರು ಪ್ರಾರ್ಥಿಸುತ್ತಿದ್ದ ಚರ್ಚಿನಲ್ಲಿ, 26 ಜೀವಗಳನ್ನು ತೆಗೆದ. ಹೊಣೆಯ 60 ಶೇಕಡಾ ಪಾಲು ಸರಕಾರದ್ದೇ ಎಂದು 2021ರಲ್ಲಿ ನ್ಯಾಯಾಲಯ ತೀರ್ಪಿತ್ತಿತು.

ಇದನ್ನೆಲ್ಲ ಕೇಳಿ 'ಮಾಡಿದ್ದುಣ್ಣೋ ಮಹಾರಾಯ' ಎನ್ನುವವರು ನಮ್ಮಲ್ಲಿದ್ದಾರೆ. ಸತ್ತ ಆ ಸ್ತ್ರೀಯರು ಯಾವ ದೇಶದ ಮೇಲೆ ಬಾಂಬು ಹಾಕಿದ್ದರು? ಪ್ರವಾದಿವರ್ಯರು(ಸ) ಕೂಡಾ ರಣರಂಗವನ್ನು ಕಂಡವರು. ಮಡಿದ ಆಪ್ತರನ್ನು ಮಣ್ಣು ಮಾಡಿ ಮನೆಗೆ ಮರಳಿದವರು. ಆದರೂ ಅವರು ಯಾವ ಸ್ತ್ರೀಯ ಮೇಲಾಗಲಿ ಸೇವಕನ ಮೇಲಾಗಲಿ ಕೈ ಎತ್ತಿದ್ದಿಲ್ಲವೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ.

ಫೋರ್ಟ್ ಬ್ರ್ಯಾಗ್‌ನ ಮೌನ ನಮಗೆ ಅಪರಿಚಿತವೇನಲ್ಲ. ಅಲ್ಲಿ ತುಕಡಿಯ ಗೌರವ, ಇಲ್ಲಿ ಮನೆತನದ ಮರ್ಯಾದೆ. ಹೊಡೆತ ತಿಂದು ತವರಿಗೆ ಬಂದವಳನ್ನು ಎರಡು ಬುದ್ಧಿಮಾತು ಹೇಳಿ ಮರಳಿ ಕಳುಹಿಸಿ, ಅದನ್ನೇ ಸಂಧಾನವೆಂದು ಕರೆಯುತ್ತೇವೆ. ನಮ್ಮ ದೇಶದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ. ಹಲ್ಲೆಗೆ ಬಳಸಿದ ಆಯುಧವನ್ನು ಮ್ಯಾಜಿಸ್ಟ್ರೇಟರ ಆದೇಶದಂತೆ ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳಲು ಅದರ ನಿಯಮಗಳಲ್ಲಿ ಅವಕಾಶವಿದೆ. ಜಮಾಅತ್ ಕಚೇರಿಯ ಬಾಗಿಲಿಗೆ ಬರುವ ಹೆಣ್ಣುಮಗಳಿಗೆ ಇದನ್ನು ತಿಳಿಸುವವರು ಯಾರು? ಈ ಕುರಿತು ಚರ್ಚೆಗೆ ಸಮಯವಿದೆ. ಮೊದಲು ಸಹೋದರಿಯರು ಮಾತನಾಡಲಿ, ನಾವು ಕೇಳಿಸಿಕೊಳ್ಳೋಣ.