ಹೊಸ ಹಾಡುಗಳೂ ನಮ್ಮ ಬಾಯಿಮಾತೂ

ಪಾಪ್ ಎಂದೂ ರಾಕ್ ಎಂದೂ ಕರೆಯುವ ಹೊಸ ಹಾಡುಗಳ ವಿಚಾರವನ್ನು ಕನ್ನಡ ಪಂಡಿತನೊಬ್ಬ ಎತ್ತಿಕೊಂಡನೆಂದರೆ ನಿಮಗೆ ನಗು ಬಂದೀತು. ಪಂಪ ರನ್ನರ ಪಾಠ ಹೇಳಿಕೊಂಡಿರುವವನಿಗೆ ಗಿಟಾರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನು ಸಂಗೀತ ಬಲ್ಲವನಲ್ಲ. ಕೇಳುವುದರಲ್ಲಿ ಆಸಕ್ತಿಯುಳ್ಳವನು, ಅಷ್ಟೆ. ಕುಂದಾಪುರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಬಹುಕಾಲದಿಂದ ಕನ್ನಡ ಕಲಿಸುತ್ತಿರುವುದರಿಂದ ಮಕ್ಕಳ ಬಾಯಲ್ಲಿ ಯಾವ ಹಾಡು ಸುಳಿದಾಡುತ್ತದೆಯೋ ಅದು ನನ್ನ ಕಿವಿಗೂ ಬೀಳುತ್ತದೆ. ಬಿದ್ದದ್ದನ್ನು ಮನೆಗೆ ಹೋಗಿ ಪೂರ್ತಿ ಕೇಳುವ ಚಪಲ ನನಗುಂಟು. ‘ಹೊಸ’ ಎಂಬ ಮಾತಿನಲ್ಲಿಯೂ ನನಗೆ ಸ್ವಲ್ಪ ರಿಯಾಯಿತಿ ಕೊಡಬೇಕು. ಮಕ್ಕಳಿಗೆ ಕಳೆದ ವಾರ ಬಂದದ್ದು ಮಾತ್ರ ಹೊಸತು. ಹಳಗನ್ನಡ ಓದಿದವನಿಗೆ ಹದಿನೈದು ವರ್ಷದ ಹಿಂದಿನದೂ ಹೊಸತೇ.

“ಇದು ಹಾಡೋ ಗದ್ದಲವೋ” ಎಂದು ಹಿರಿಯರು ಗೊಣಗುವುದು ಇಂದಿನ ಸಂಗತಿಯಲ್ಲ. ಗುಂಡ್ಮಿಯ ಕಾಳಿಂಗ ನಾವಡರು ಭಾಗವತರಾಗಿ ಮೆರೆದ ದಿನಗಳನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. 1958ರಲ್ಲಿ ಹುಟ್ಟಿದ ಅವರು 1990ರಲ್ಲಿ, ಇನ್ನೂ ಹಾಡಬೇಕಾದ ವಯಸ್ಸಿನಲ್ಲಿ, ಅಪಘಾತದಲ್ಲಿ ತೀರಿಕೊಂಡರು. ಅವರ ಪದಗಳ ಕ್ಯಾಸೆಟ್ಟುಗಳು ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ ಕೇಳಿಬರುತ್ತಿದ್ದುವು. ಆಗಲೂ “ಪರಂಪರೆ ಕೆಟ್ಟಿತು” ಎಂದವರು ಇದ್ದರು. ಇಂದು ಅದೇ ನಾವಡರ ಶೈಲಿಯನ್ನು ತೋರಿಸಿ “ಪರಂಪರೆಯೆಂದರೆ ಇದು” ಎನ್ನುತ್ತೇವೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವನಗಳಿಗೆ ರಾಗ ಹಾಕಿ ‘ನಿತ್ಯೋತ್ಸವ’ ಕ್ಯಾಸೆಟ್ಟನ್ನು ತಂದಾಗ, ಕವನವನ್ನು ಹೀಗೆ ಹಾಡಬಹುದೇ ಎಂದು ಶಂಕಿಸಿದವರು ಇದ್ದರೂ ಇದ್ದಿರಬೇಕು. ಆದುದರಿಂದ ಹೊಸತನ್ನು ಕೇಳುವ ಮೊದಲೇ ತೀರ್ಪು ಕೊಡುವ ಹಕ್ಕು ನಮಗಿಲ್ಲ. ಕೇಳಿದ ಮೇಲೆ ಕೊಡಬಹುದು.

ತೀರ್ಪಿಗೆ ಅಳತೆಗೋಲು ಬೇಕಷ್ಟೆ. ನನ್ನದು ಸರಳವಾದುದು. ಒಂದು, ಪದ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆಯೇ? ಎರಡು, ವಾದ್ಯಗಳನ್ನೆಲ್ಲ ನಿಲ್ಲಿಸಿದ ಮೇಲೆ, ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುವವರೂ ಅದನ್ನು ಬರಿಯ ಬಾಯಲ್ಲಿ ಹಾಡಿಕೊಳ್ಳಬಲ್ಲರೇ? ಮೂರು, ಆ ಹಾಡು ಯಾರ ಬಾಯಿಂದ ಬರುತ್ತದೆ? ಅಂದರೆ, ಅದರ ಕನ್ನಡ ಒಂದು ಊರಿನ ನೀರು ಕುಡಿದ ಕನ್ನಡವೇ, ಅಥವಾ ಎಲ್ಲಿಯದೂ ಅಲ್ಲದ ಕನ್ನಡವೇ? ಈ ಮೂರನೆಯ ಪ್ರಶ್ನೆ ನನಗೆ ತಡವಾಗಿ ಹೊಳೆಯಿತು. ಅದರ ಕಥೆಯನ್ನು ಮುಂದೆ ಹೇಳುತ್ತೇನೆ.

ಮೊದಲು ರಘು ದೀಕ್ಷಿತ್ ಅವರ ಹಾಡುಗಳು. ಮೈಸೂರಿನಲ್ಲಿ ಬೆಳೆದ, ಭರತನಾಟ್ಯ ಕಲಿತ ಈ ಗಾಯಕರ ಮೊದಲ ಆಲ್ಬಮ್ 2008ರಲ್ಲಿ ಬಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ತತ್ತ್ವಪದಗಳು ಅದರಲ್ಲಿದ್ದುವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಬಂದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಶಿಶುನಾಳದಲ್ಲಿ ಬಾಳಿದ ಶರೀಫರ ಪದ ಗಿಟಾರಿನ ಜೊತೆ, ಡ್ರಮ್ಮಿನ ಜೊತೆ ಲಂಡನ್ನಿಗೆ ಹೋಯಿತು. 2010ರಲ್ಲಿ ಬಿಬಿಸಿ ದೂರದರ್ಶನದ ಹೆಸರಾಂತ ಸಂಗೀತ ಕಾರ್ಯಕ್ರಮವೊಂದರಲ್ಲಿ ಈ ತಂಡ ಹಾಡಿತು. ಈ ಪದಗಳಲ್ಲಿ ಹಲವನ್ನು ನಾವು ಅದಕ್ಕೂ ಮುಂಚೆ ಸಿ. ಅಶ್ವತ್ಥರ ಸಂಗೀತದಲ್ಲಿ ಕೇಳಿದ್ದೆವು; ‘ಸಂತ ಶಿಶುನಾಳ ಶರೀಫ’ ಚಿತ್ರ 1990ರದು. ಅಶ್ವತ್ಥರಲ್ಲಿ ಪದ ನಮ್ಮನ್ನು ಕುಳ್ಳಿರಿಸಿ ಕೇಳಿಸುತ್ತದೆ. ರಘು ದೀಕ್ಷಿತರಲ್ಲಿ ಎಬ್ಬಿಸಿ ಕುಣಿಸುತ್ತದೆ. ತತ್ತ್ವಪದಕ್ಕೆ ಕುಣಿತ ಸಲ್ಲುತ್ತದೆಯೇ ಎಂದು ನನಗೂ ಅನುಮಾನವಿತ್ತು. ಆದರೆ ಏಕತಾರಿ, ದಮ್ಮಡಿ ಹಿಡಿದು ಭಜನೆಯಲ್ಲಿ ಹಾಡುತ್ತ ಬಂದ ಪದ ಯಾವತ್ತೂ ಸುಮ್ಮನೆ ಕುಳಿತದ್ದಲ್ಲ ಎಂಬುದು ನೆನಪಾಯಿತು.

ನನ್ನ ಆಕ್ಷೇಪ ಒಂದುಂಟು. ವೇಗ ಹೆಚ್ಚಿದಾಗ ಕೆಲವು ಕಡೆ ಪದದ ತುದಿ ವಾದ್ಯದ ಹೊಟ್ಟೆಗೆ ಹೋಗುತ್ತದೆ. ಆದರೂ ಇವು ಮೊದಲೆರಡು ಪರೀಕ್ಷೆಯಲ್ಲಿ ಗೆದ್ದಿವೆ ಎನ್ನಬೇಕು. ಒಂದು ಆಷಾಢದಲ್ಲಿ ಹತ್ತನೆಯ ತರಗತಿಯ ಹುಡುಗರು ಬಂದು, “ಸಾರ್, ಮಾಳಿಗೆ ಸೋರುವುದರಲ್ಲಿ ಅಂಥ ತತ್ತ್ವವೇನು?” ಎಂದು ಕೇಳಿದರು. ನಮ್ಮ ಕರಾವಳಿಯಲ್ಲಿ ಹಂಚಿನ ಮಾಡು ಸೋರುವುದು ಯಾರಿಗೂ ಅಲಂಕಾರವಲ್ಲ, ಪಾತ್ರೆ ಇಡುವ ಕೆಲಸ. ಮನೆಯೆಂದರೆ ಮನೆಯಷ್ಟೇ ಅಲ್ಲ, ನಾವು ಹೊತ್ತುಕೊಂಡಿರುವ ಈ ದೇಹ ಎಂದು ವಿವರಿಸುವಾಗ ಗಂಟೆ ಹೊಡೆದರೂ ಒಬ್ಬನೂ ಏಳಲಿಲ್ಲ. ಪಠ್ಯಪುಸ್ತಕ ಮಾಡದಿದ್ದ ಕೆಲಸವನ್ನು ಗಿಟಾರು ಮಾಡಿತು.

ಇನ್ನು ನಮ್ಮ ಊರಿನ ಮಾತು. ಬಸ್ರೂರು ಒಂದು ಕಾಲದ ದೊಡ್ಡ ಬಂದರು. 1665ರಲ್ಲಿ ಶಿವಾಜಿಯ ನೌಕಾದಳ ಏರಿ ಬಂದ ಊರು. ಹಡಗು ಹೋದ ಮೇಲೆ ಊರು ಸುಮ್ಮನಾಯಿತು. ಈಗ ಆ ಹೆಸರನ್ನು ದೇಶವೆಲ್ಲ ಮತ್ತೆ ಉಚ್ಚರಿಸುವಂತೆ ಮಾಡಿದವರು, ಹುಟ್ಟೂರನ್ನೇ ಹೆಸರಿಗೆ ಸೇರಿಸಿಕೊಂಡ ಸಂಗೀತ ನಿರ್ದೇಶಕ ರವಿ ಬಸ್ರೂರು. 2018 ಮತ್ತು 2022ರ ‘ಕೆಜಿಎಫ್’ ಚಿತ್ರಗಳ ಸಂಗೀತ ಅವರದು. ಬಹುಕಂಠಗಳ ಘೋಷ, ಎದೆ ನಡುಗಿಸುವ ನಗಾರಿ, ಅದರ ಮೇಲೆ ಗಿಟಾರು. ಕೇಳಿದಾಗ ರೋಮಾಂಚವಾಗುತ್ತದೆ, ಸುಳ್ಳಲ್ಲ. ನನ್ನ ವಿದ್ಯಾರ್ಥಿಗಳು ಬೆಂಚು ಬಡಿದು ಆ ತಾಳವನ್ನು ಯಥಾವತ್ತಾಗಿ ಒಪ್ಪಿಸುತ್ತಾರೆ. “ಚರಣ ಹೇಳಿ” ಎಂದರೆ ಒಬ್ಬರಿಗೂ ಬಾರದು. ಬಾವಿಕಟ್ಟೆಯ ಪರೀಕ್ಷೆಯಲ್ಲಿ ಈ ಹಾಡುಗಳಿಗೆ ನಾನು ಕಡಿಮೆ ಅಂಕ ಕೊಡುತ್ತೇನೆ.

ಇಲ್ಲಿ ನಮ್ಮ ಬಡಗುತಿಟ್ಟಿನ ಹಿಮ್ಮೇಳ ಒಂದು ಪಾಠ ಹೇಳುತ್ತದೆ. ಚಂಡೆಗಿಂತ ದೊಡ್ಡ ಸದ್ದು ನಮ್ಮ ಸೀಮೆಯಲ್ಲಿ ಯಾವುದಿದೆ? ಗದ್ದೆಯಾಚೆಯ ಮನೆಯವರನ್ನೂ ಎಬ್ಬಿಸಿ ಕರೆತರುವ ವಾದ್ಯವದು. ಆದರೆ ಕರುಣೆಯ ಪದ ಬಂದಾಗ ಚಂಡೆ ಕೆಳಗೆ ಕೂರುತ್ತದೆ; ಮದ್ದಳೆಯೊಂದೇ ಭಾಗವತರ ಜೊತೆ ನಡೆಯುತ್ತದೆ. ಎಲ್ಲಿ ಬಾರಿಸಬೇಕೆಂಬುದಕ್ಕಿಂತ ಎಲ್ಲಿ ಸುಮ್ಮನಿರಬೇಕೆಂಬುದೇ ಚಂಡೆಯವನ ವಿದ್ಯೆ. ಹೊಸ ಸಂಗೀತಗಾರರು ಚಂಡೆಯ ಸದ್ದನ್ನು ಹಾಡಿಗೆ ತಂದಿದ್ದಾರೆ. ಅದರ ಮೌನವನ್ನೂ ತಂದರೆ ನಾವು ಋಣಿಗಳಾಗಿರುತ್ತೇವೆ.

ಆದರೆ ಇದೇ ರವಿ ಬಸ್ರೂರು ಅವರು ‘ಗರ್ಗರ್‌ಮಂಡಲ’ (2014), ‘ಬಿಲಿಂಡರ್’ (2016) ಎಂದು ಕುಂದಾಪ್ರ ಕನ್ನಡದಲ್ಲಿಯೇ ಚಿತ್ರ ಮಾಡಿದರು. ದೊಡ್ಡ ಸಂಗೀತಕ್ಕಿಂತ ಈ ಸಣ್ಣ ಕೆಲಸವೇ ನನ್ನನ್ನು ಕಲಕಿತು. ಅದಕ್ಕೆ ಕಾರಣವಾದುದು ನನ್ನದೊಂದು ತಪ್ಪು.

ಸುಮಾರು ಇಪ್ಪತ್ತು ವರ್ಷದ ಹಿಂದೆ, ಕಡಲ ಬದಿಯ ಕೇರಿಯಿಂದ ಬರುತ್ತಿದ್ದ ಹುಡುಗನೊಬ್ಬ ಮಧ್ಯಾಹ್ನದ ಪಾಠದಲ್ಲಿ ಎದ್ದು ನಿಂತ. “ಸಾರ್, ಅಬ್ಬಿಗ್ ಹುಷಾರಿಲ್ಲೆ, ಆಸ್ಪತ್ರಿಗ್ ಹೋಪುಕಿತ್ತ್” ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. “ಶುದ್ಧ ಕನ್ನಡದಲ್ಲಿ ಹೇಳು, ಆಮೇಲೆ ಹೋಗು” ಎಂದೆ. ಹುಡುಗ ಬಾಯಿ ತೆರೆದ, ಮಾತು ಹೊರಡಲಿಲ್ಲ. ಕುಳಿತುಬಿಟ್ಟ. ಗಂಟೆ ಹೊಡೆಯುವವರೆಗೂ ಕುಳಿತೇ ಇದ್ದ. ಆ ವರ್ಷ ಅವನು ನನ್ನ ತರಗತಿಯಲ್ಲಿ ಮತ್ತೆ ತಾನಾಗಿ ಬಾಯಿ ಬಿಡಲಿಲ್ಲ.

ಸಹೃದಯರೆ, ಆ ಹುಡುಗನ ಮಾತಿನಲ್ಲಿ ಅಶುದ್ಧವೇನಿತ್ತು? ಮರುದಿನವೇ ನಾನು ಮೇಲಿನ ತರಗತಿಯಲ್ಲಿ ಹಳಗನ್ನಡದ ಭವಿಷ್ಯತ್ ರೂಪಗಳನ್ನು ಕಲಿಸಿರಬಹುದು: ಪೋಪ, ಬರ್ಪ, ಕಾಣ್ಬ. ಪಕಾರ ಹಕಾರವಾಗುವುದು ಕನ್ನಡದ ಸಹಜ ನಡೆ; ಪಾಲು ಹಾಲಾದಂತೆ ಪೋಪ ಹೋಪವಾಯಿತು. ಬರ್ಪ ಬಪ್ಪವಾಯಿತು, ಕಾಣ್ಬ ಕಾಂಬವಾಯಿತು. ಕಾವ್ಯದಲ್ಲಿ ಕಂಡಾಗ ಕೈಮುಗಿದು ಟಿಪ್ಪಣಿ ಬರೆಸುತ್ತಿದ್ದ ರೂಪವನ್ನೇ ಹುಡುಗನ ಬಾಯಲ್ಲಿ ಕೇಳಿದಾಗ ತಿದ್ದಲು ಹೋಗಿದ್ದೆ. ನಾವು ಪುಸ್ತಕದಲ್ಲಿ ಹುಡುಕುತ್ತಿದ್ದುದನ್ನು ಅವನ ಅಬ್ಬಿ ಮನೆಯಲ್ಲಿ ಆಡುತ್ತಿದ್ದಳು. ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ಕಿವಿಗೆ ಮೊದಲು ಬಿದ್ದ ಕನ್ನಡವೂ ಈ ಸೀಮೆಯದೇ ಎಂಬುದನ್ನು ನಾನು ಮರೆತಿದ್ದೆ.

2022ರಲ್ಲಿ ‘ಕಾಂತಾರ’ ಬಂದಿತು. ಕೆರಾಡಿಯ ರಿಷಬ್ ಶೆಟ್ಟಿಯವರ ಚಿತ್ರ, ಅಜನೀಶ್ ಲೋಕನಾಥರ ಸಂಗೀತ. ‘ಸಿಂಗಾರ ಸಿರಿಯೆ’ ಬರೆದವರು ಪ್ರಮೋದ್ ಮರವಂತೆ. ಮರವಂತೆಯ ಹೆದ್ದಾರಿಯಲ್ಲಿ ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕೆ ನೋಡಿದವರಿಗೆ ಆ ಊರಿನ ಹೆಸರು ಹಾಡಿನ ಜೊತೆ ಬಂದದ್ದು ಸಂತೋಷದ ಸಂಗತಿ. ಈ ಹಾಡು ನನ್ನ ಮೂರು ಪರೀಕ್ಷೆಗಳಲ್ಲಿಯೂ ಗೆದ್ದಿತು. ‘ವರಾಹ ರೂಪಂ’ ಮಾತ್ರ ಪಂಡಿತನಿಗೇ ಪಾಠ ಕಲಿಸಿತು. ಶಶಿರಾಜ್ ಕಾವೂರರ ಸಾಹಿತ್ಯ, ನಾಗಸ್ವರದ ಜೊತೆ ರಾಕ್ ಗಿಟಾರು. ಕೇರಳದ ತೈಕ್ಕುಡಂ ಬ್ರಿಜ್ ಎಂಬ ತಂಡದವರು ಇದು ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆ ಎಂದು ನ್ಯಾಯಾಲಯಕ್ಕೆ ಹೋದುದು ನಿಮಗೆ ನೆನಪಿರಬಹುದು. ಆ ವ್ಯಾಜ್ಯದ ನಡುವೆ ಕೆಲವು ದಿನ ಅದೇ ಸಾಹಿತ್ಯ ಬೇರೆ ಮಟ್ಟಿನಲ್ಲಿ ಕೇಳಿಬಂದಿತು. ನ್ಯಾಯಾನ್ಯಾಯ ಹೇಳಲು ನಾನು ಯಾರೂ ಅಲ್ಲ. ಆದರೆ ಪದವೇ ಸರ್ವಸ್ವವೆಂದು ನಂಬಿದ್ದ ನನಗೆ, ಪದ ಒಂದಕ್ಷರವೂ ಬದಲಾಗದೆ ಮಟ್ಟು ಮಾತ್ರ ಬದಲಾದಾಗ, ಏನೋ ಕಳೆದುಹೋದಂತೆ ಅನ್ನಿಸಿತು. ಮಕ್ಕಳೂ ಹಾಗೆಯೇ ಹೇಳಿದರು. ಪದಕ್ಕೆ ಮಟ್ಟು ಅಂಗಿಯಲ್ಲ, ಚರ್ಮ. ಅದನ್ನು ಯಾವ ವ್ಯಾಕರಣವೂ ನನಗೆ ಹೇಳಿರಲಿಲ್ಲ.

ಈ ಮಳೆಗಾಲದಲ್ಲಿ ಒಂದು ಸಂಜೆ ಬ್ರಹ್ಮಾವರದಲ್ಲಿ ಬಸ್ಸು ತಪ್ಪಿ ನಿಂತಿದ್ದೆ. ಕಾರೊಂದು ನಿಂತಿತು. ಚಾಲಕನ ಪೀಠದಲ್ಲಿದ್ದವನು ಆ ಹುಡುಗನೇ. “ನಮಸ್ಕಾರ ಸಾರ್, ತಾವು ಎಲ್ಲಿಗೆ ಹೋಗಬೇಕಾಗಿದೆ?” ಎಂದ. ಅಕ್ಷರ ಅಕ್ಷರವೂ ಶುದ್ಧ. ನನ್ನ ಎದೆ ಚುರುಕ್ಕೆಂದಿತು. ಒಳಗೆ ಕುಂದಾಪ್ರ ಕನ್ನಡದ ಹಾಡೊಂದು ಗಿಟಾರಿನೊಡನೆ ನಡೆದಿತ್ತು. ನಾನು ಹತ್ತಿದೊಡನೆ ಸದ್ದು ತಗ್ಗಿಸಿದ. ಕೋಟ ದಾಟುವಾಗ ಫೋನು ಬಂದಿತು. “ಹ್ವಾಯ್ ಅಬ್ಬಿ, ಬತ್ತೆ, ಊಟ ಮಾಡ್” ಎಂದ. ಅಬ್ಬಿ ಇದ್ದಾಳೆ ಎಂದು ತಿಳಿದು ನನಗಾದ ಸಮಾಧಾನವನ್ನು ನಿಮಗೆ ಹೇಳಲಾರೆ. ಅಂದಿನ ವಿಷಯ ಎತ್ತಿ ಕ್ಷಮೆ ಕೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಕುಂದಾಪುರದ ಶಾಸ್ತ್ರಿ ವೃತ್ತದಲ್ಲಿ “ಇಲ್ಲಿಯೇ ಇಳಿಯುತ್ತೀರಾ ಸಾರ್?” ಎಂದು ಕೇಳಿದ. “ಇಳಿತೆ ಮಾರಾಯ, ಹಾಡ್ ಮುಗಿಲಿ. ಸ್ವಲ್ಪ ದೊಡ್ಡ ಮಾಡ್” ಎಂದೆ. ಅವನು ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಸದ್ದು ಏರಿಸಿದ.

ಹೊಸ ಹಾಡುಗಳಲ್ಲಿ ಜೊಳ್ಳು ಬಹಳವಿದೆ. ತೂರಿ ನೋಡುವ ಕೆಲಸ ನಮ್ಮದು. ಆದರೆ ತೂರುವ ಮೊದಲು ಕೇಳಬೇಕು. ನಿಮ್ಮ ಮನೆಯ ಮಕ್ಕಳು ಕಿವಿಗೆ ಸಿಕ್ಕಿಸಿಕೊಂಡಿರುವುದನ್ನು ಒಮ್ಮೆ ಕೇಳಿ ಪಡೆದು ಆಲಿಸಿರಿ. ಪದ ತಿಳಿಯದಿದ್ದರೆ ಅವರನ್ನೇ ಕೇಳಿರಿ. ಅವರು ತಮ್ಮ ಊರಿನ ಮಾತಿನಲ್ಲಿ ಅರ್ಥ ಹೇಳಿದರೆ ದಯವಿಟ್ಟು ತಿದ್ದಬೇಡಿರಿ. ಪರೀಕ್ಷೆಗೆ ಬರೆಯುವ ಕನ್ನಡವನ್ನು ಕಲಿಸಲು ನನ್ನಂಥವರು ಇದ್ದೇವೆ. ಅಬ್ಬಿಯ ಕನ್ನಡವನ್ನು ಕಲಿಸಲು ನಮಗೆ ಬಾರದು.